ಪದಚರ್ಚೆ: ರಿಟರ್ನೆಲ್ಲೊಗೆ ‘ಪಲ್ಲವಿ’ ಒಪ್ಪುತ್ತದೆಯೆ? ‘ಗ್ರಹಭೇದ’ ಎಲ್ಲಿಯವರೆಗೆ ನಡೆಯುತ್ತದೆ?

ಎಲ್ಲರಿಗೂ ನಮಸ್ಕಾರ.

ಇಟಲಿಯ ಸಂಗೀತಕಾರ ವಿವಾಲ್ದಿಯ ‘ನಾಲ್ಕು ಋತುಗಳು’ ಗುಚ್ಛದ ಮೊದಲನೆಯದಾದ ‘ವಸಂತ’ ಕಾಂಚೆರ್ಟೊ (ಒಂಟಿ ವಾದ್ಯಕ್ಕೂ ಮೇಳಕ್ಕೂ ಬರೆದ ಕೃತಿ) ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಕರ್ನಾಟಕ ಸಂಗೀತ ಬಲ್ಲವರು, ಬರೋಕ್ ಸಂಗೀತಕ್ಕೆ (ಯುರೋಪಿನ 17–18ನೆಯ ಶತಮಾನದ್ದು) ಹೊಸಬರು. ವಾದ್ಯಗಳ ಹೆಸರಿಗೆ ತೊಂದರೆಯಿಲ್ಲ: ಪಿಟೀಲು ನಮ್ಮದೇ ಆಗಿಹೋಗಿದೆ, ವಿಯೋಲ, ಚೆಲ್ಲೊ, ಹಾರ್ಪ್ಸಿಕಾರ್ಡ್ ಹಾಗೆಯೇ ಇರಲಿ. ಮೂವ್‌ಮೆಂಟಿಗೆ ಕೆಲವರು ‘ಚಲನೆ’ ಎನ್ನುತ್ತಾರೆ, ನನಗದು ಭೌತಶಾಸ್ತ್ರದ ಪಾಠದಂತೆ ಕೇಳುತ್ತದೆ, ‘ಭಾಗ’ ಸಾಕು. ತಲೆ ಕೆಡಿಸಿರುವುದು ರಿಟರ್ನೆಲ್ಲೊ (ಮರಳಿ ಮರಳಿ ಬರುವ ಮೇಳದ ಸಾಲು) ಮತ್ತು ಮಾಡ್ಯುಲೇಶನ್ (ಕೃತಿಯ ನಡುವೆ ಆಧಾರ ಸ್ವರವನ್ನೇ ಬದಲಿಸುವುದು).

ಮೊದಲು ರಿಟರ್ನೆಲ್ಲೊ. 1725ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಈ ಕೃತಿಯ ಮೊದಲ ಭಾಗ ಮೇಳದಿಂದ ಶುರುವಾಗುತ್ತದೆ. ನಮ್ಮ ಸ್ವರದಲ್ಲಿ ಬರೆದರೆ ‘ಸ, ಗ ಗ ಗ ರಿಸ ಪ’. ಈ ಸಾಲು ಒಮ್ಮೆ ಜೋರಾಗಿ, ಇನ್ನೊಮ್ಮೆ ಮೆತ್ತಗೆ. ಆಮೇಲೆ ಎರಡನೆಯ ಸಾಲು, ಅದೂ ಹಾಗೆಯೇ ಎರಡು ಸಲ. ಅಲ್ಲಿಂದ ಮೂರು ಪಿಟೀಲುಗಳು ಹಕ್ಕಿಗಳಾಗಿ ಉಲಿಯುತ್ತವೆ. ಮತ್ತೆ ಮೇಳ. ಆಮೇಲೆ ತೊರೆಯ ಜುಳುಜುಳು, ಮೇಳ, ಗುಡುಗು ಮಿಂಚು, ಮೇಳ, ಮತ್ತೆ ಹಕ್ಕಿ. ಹೀಗೆ ನಡುನಡುವೆ ಮರಳಿ ಬರುವ ಮೇಳದ ಭಾಗವೇ ರಿಟರ್ನೆಲ್ಲೊ. ಇಟಾಲಿಯನ್‌ನಲ್ಲಿ ‘ರಿತೊರ್ನೊ’ ಎಂದರೆ ಮರಳುವುದು.

ಮರಳಿ ಬರುವುದು ಎಂದ ಕೂಡಲೇ ಎಲ್ಲರ ಬಾಯಿಗೂ ಬರುವ ಮಾತು ‘ಪಲ್ಲವಿ’. ನಾನು ಹಿಂಜರಿಯುತ್ತಿರುವುದಕ್ಕೆ ಕಾರಣವಿದೆ. ಪಲ್ಲವಿ ಎಂದರೆ ಓದುಗ ಅನುಪಲ್ಲವಿ, ಚರಣಗಳನ್ನು ಹುಡುಕತೊಡಗುತ್ತಾನೆ. ರಾಗ-ತಾನ-ಪಲ್ಲವಿಯ ಪಲ್ಲವಿಯೂ ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಇಲ್ಲಿ ಆ ಎರಡು ಸಾಲು ಮೊದಲಿನಂತೆ ಪೂರ್ತಿಯಾಗಿ ಮತ್ತೆ ಬರುವುದೇ ಇಲ್ಲ. ಬಹುತೇಕ ಎರಡನೆಯ ಸಾಲಷ್ಟೇ ಬರುತ್ತದೆ, ಅದೂ ಕೆಲವು ಕಡೆ ಬೇರೆ ಶ್ರುತಿಯಲ್ಲಿ. ‘ಹಿಮ್ಮೇಳ’ವೂ ಸರಿಹೋಗದು. ಇಲ್ಲಿ ಸಾಲಿನ ಯಜಮಾನಿಕೆ ಮೇಳದ್ದೇ. ಒಂಟಿ ಪಿಟೀಲಿನವರೂ ಆ ಹೊತ್ತಿಗೆ ಎಲ್ಲರೊಡನೆ ಸೇರಿ ನುಡಿಸುತ್ತಾರೆ.

ನನಗೆ ಹೆಚ್ಚು ಹತ್ತಿರ ಕಾಣುವುದು ವರ್ಣ ಎಂಬ ನಮ್ಮ ರಚನೆಯ ಉತ್ತರಾರ್ಧ. ಅಲ್ಲಿ ಒಂದೊಂದು ಎತ್ತುಗಡೆ ಸ್ವರ ಮುಗಿದ ಮೇಲೂ ಚರಣದ ಸಾಲಿಗೆ ಬಂದು ಸೇರುತ್ತೇವೆ. ಸ್ವರಗುಚ್ಛ ಪ್ರತಿ ಸಲವೂ ಹೊಸದು, ಸಾಲು ಹಳೆಯದು. ಆ ಸಾಲಿಗೇ ‘ಎತ್ತುಗಡೆ ಪಲ್ಲವಿ’ ಎಂಬ ಹೆಸರೂ ಉಂಟು. ಹಾಗಾಗಿ ರಿಟರ್ನೆಲ್ಲೊವನ್ನು ‘ಎತ್ತುಗಡೆ’ ಎಂದಷ್ಟೇ ಕರೆದರೆ ಹೇಗೆ? ‘ಇಲ್ಲಿ ಮೇಳ ಎತ್ತುಗಡೆಗೆ ಬರುತ್ತದೆ’ ಎಂದು ಬರೆದು ನೋಡಿದೆ, ಕಿವಿಗೆ ಒಡ್ಡೊಡ್ಡಾಗಿಲ್ಲ.

ಇನ್ನು ಮಾಡ್ಯುಲೇಶನ್. ಇದಕ್ಕೆ ‘ಗ್ರಹಭೇದ’ (ರಾಗದ ಇನ್ನೊಂದು ಸ್ವರವನ್ನು ಷಡ್ಜವೆಂದು ಎಣಿಸಿ ಬೇರೆ ರಾಗ ತೋರಿಸುವುದು) ಎಂದು ಸಲೀಸಾಗಿ ಬರೆದುಬಿಡುವವರಿದ್ದಾರೆ. ಅರ್ಧ ಸರಿ, ಅರ್ಧ ತಪ್ಪು. ಎರಡಕ್ಕೂ ಸಾಕ್ಷಿ ಈ ಒಂದೇ ಭಾಗದಲ್ಲಿದೆ.

ಕೃತಿ ಇರುವುದು ಇ ಮೇಜರ್‌ನಲ್ಲಿ, ಅಂದರೆ ‘ಇ’ಯನ್ನು ಷಡ್ಜ ಮಾಡಿಕೊಂಡ ಶಂಕರಾಭರಣ. ತೊರೆಯ ಹಾಡು ಮುಗಿದಾಗ ಮೇಳ ಎತ್ತಿಕೊಳ್ಳುವುದು ಬಿ ಮೇಜರ್‌ನಲ್ಲಿ. ‘ಬಿ’ ಎಂದರೆ ಹಳೆಯ ಪಂಚಮ. ಪಂಚಮವನ್ನು ಷಡ್ಜ ಮಾಡಿ ಗ್ರಹಭೇದ ಮಾಡಿದರೆ ನಮಗೆ ಸಿಗಬೇಕಾದದ್ದು ಹರಿಕಾಂಭೋಜಿ. ಆದರೆ ವಿವಾಲ್ದಿ ‘ಎ’ ಸ್ವರವನ್ನು ಒಂದು ಸ್ವರಸ್ಥಾನ ಏರಿಸಿ, ಕೈಶಿಕಿ (ಕೆಳಗಿನ) ನಿಷಾದ ಆಗಬೇಕಿದ್ದುದನ್ನು ಕಾಕಲಿ (ಮೇಲಿನ) ಮಾಡಿಕೊಳ್ಳುತ್ತಾನೆ. ರಾಗ ಶಂಕರಾಭರಣವಾಗಿಯೇ ಉಳಿಯುತ್ತದೆ, ಷಡ್ಜ ಮಾತ್ರ ಜಾಗ ಬಿಟ್ಟಿದೆ. ತಂಬೂರಿಯನ್ನೇ ಎತ್ತಿ ಬೇರೆ ಶ್ರುತಿಗೆ ಕೂಡಿಸಿದಂತೆ. ಗ್ರಹಭೇದದಲ್ಲಿ ಆಗುವುದು ಇದರ ತದ್ವಿರುದ್ಧ: ತಂಬೂರಿ ಅಲ್ಲಾಡುವುದಿಲ್ಲ, ಅದೇ ಸ್ವರಸ್ಥಾನಗಳಲ್ಲಿ ಇನ್ನೊಂದು ರಾಗ ಮಿಂಚಿಹೋಗುತ್ತದೆ.

ಗುಡುಗು ಮಿಂಚಿನ ನಂತರ ಮೇಳ ಬರುವುದು ಸಿ ಶಾರ್ಪ್ ಮೈನರ್‌ನಲ್ಲಿ. ಇದು ಹಳೆಯ ಧೈವತ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿದರೆ ನಠಭೈರವಿ. ಸ್ವರಸ್ಥಾನ ಒಂದನ್ನೂ ಬದಲಿಸಬೇಕಿಲ್ಲ. ಇಲ್ಲಿ ಗ್ರಹಭೇದದ ಲೆಕ್ಕ ಚೊಕ್ಕವಾಗಿ ಕೂಡುತ್ತದೆ. (ಷಡ್ಜಕ್ಕೆ ಬಂದು ನಿಲ್ಲುವಾಗ ನಿಷಾದವನ್ನು ಕಾಕಲಿ ಮಾಡಿಕೊಳ್ಳುವುದು ಅವರ ರೂಢಿ, ಆಗ ಕೀರವಾಣಿಯ ಬಣ್ಣ. ಅದನ್ನು ಸದ್ಯ ಕೆದಕುವುದಿಲ್ಲ.)

ಮೊದಲನೆಯದಕ್ಕೆ ‘ಶ್ರುತಿಭೇದ’ ಎನ್ನೋಣವೆಂದರೆ, ಬಳಕೆಯಲ್ಲಿ ಅದೂ ಗ್ರಹಭೇದದ ಇನ್ನೊಂದು ಹೆಸರಾಗಿಬಿಟ್ಟಿದೆ. ‘ಷಡ್ಜಪಲ್ಲಟ’ ಎಂದು ಹೊಸದಾಗಿ ಕೂಡಿಸಿದ್ದೇನೆ. ಎರಡೂ ಬಗೆಗೆ ಇದನ್ನೇ ಇಟ್ಟುಕೊಂಡು, ಸ್ವರಸ್ಥಾನ ಬದಲಾಗದ ಕಡೆ ಮಾತ್ರ ‘ಗ್ರಹಭೇದದಂತೆ’ ಎಂದು ಸೇರಿಸುವ ಯೋಚನೆ.

ಕೊನೆಯದಾಗಿ ಬಾಸ್ಸೊ ಕಂಟಿನ್ಯುಒ, ಅಂದರೆ ಚೆಲ್ಲೊ ಮತ್ತು ಹಾರ್ಪ್ಸಿಕಾರ್ಡ್ ಹೊರುವ ಕೆಳಗಿನ ಎಳೆ. ಅದನ್ನು ‘ಶ್ರುತಿ’ ಎಂದು ಕರೆಯಿರಿ ಎಂದು ಸ್ನೇಹಿತರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಆ ಎಳೆ ನಿಂತಲ್ಲಿ ನಿಲ್ಲುವುದಲ್ಲ, ಹೆಜ್ಜೆ ಹಾಕುತ್ತಲೇ ಇರುತ್ತದೆ. ಎರಡನೆಯ ಭಾಗದಲ್ಲಂತೂ ಪೂರಾ ಮೌನ. ಅಲ್ಲಿ ಮಲಗಿದ ಆಡುಗಾಹಿ ಒಂಟಿ ಪಿಟೀಲು, ಎಲೆಗಳ ಮರ್ಮರ ಉಳಿದ ಪಿಟೀಲುಗಳು, ಬೊಗಳುವ ನಾಯಿ ವಿಯೋಲ. ವಿಯೋಲವನ್ನು ಉದ್ದಕ್ಕೂ ಬಲು ಜೋರಾಗಿ, ಕಿತ್ತು ಎಳೆದಂತೆ ನುಡಿಸಬೇಕೆಂದು ವಿವಾಲ್ದಿಯೇ ಬರೆದಿದ್ದಾನೆ. ಮೂರನೆಯ ಭಾಗದಲ್ಲಿ ಮಾತ್ರ, ಹಳ್ಳಿಗರ ಬ್ಯಾಗ್‌ಪೈಪಿನ ಅನುಕರಣೆಗಾಗಿ, ಕೆಳಗಿನ ವಾದ್ಯಗಳು ಒಂದೇ ಸ್ವರ ಹಿಡಿದು ನಿಲ್ಲುತ್ತವೆ. ‘ಶ್ರುತಿ’ಯನ್ನು ಅಲ್ಲಿಗೇ ಕಾದಿಡುತ್ತೇನೆ. ಕಂಟಿನ್ಯುಒಗೆ ಕನ್ನಡ ಹುಡುಕುವ ಹಟ ನನಗಿಲ್ಲ.

ವರ್ಣ ಪಾಠ ಹೇಳುವವರು ಈ ಬಳಗದಲ್ಲಿ ಇದ್ದೀರಿ. ‘ಎತ್ತುಗಡೆ’ಯನ್ನು ಹೀಗೆ ಹಿಗ್ಗಿಸಿದರೆ ನಿಮ್ಮ ಶಿಷ್ಯರಿಗೆ ಗೊಂದಲವಾದೀತೆ? ‘ಷಡ್ಜಪಲ್ಲಟ’ಕ್ಕೆ ಬದಲಾಗಿ ಈಗಾಗಲೇ ಬಳಕೆಯಲ್ಲಿರುವ ಪದ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ, ನನ್ನದನ್ನು ಅಳಿಸಿಹಾಕಲು ಸಿದ್ಧ.