ಅಪ್‌ಡೇಟ್: ಬ್ರೇಕ್ ಡ್ರಮ್‌ನ ಬೇರಿಂಗ್ ರೇಸ್ ಕೊನೆಗೂ ಹೊರಬಂತು

ಹೋದ ವಾರ ಕೇಳಿದ್ದೆ ಅಲ್ವಾ, ನಮ್ಮ ಗೂಡ್ಸ್ ಗಾಡಿಯ ಬ್ರೇಕ್ ಡ್ರಮ್‌ನಲ್ಲಿ ಹಳೇ ಬೇರಿಂಗ್ ರೇಸ್ (ಬೇರಿಂಗಿನ ಹೊರಗಿನ ಉಕ್ಕಿನ ಬಳೆ) ಕಚ್ಚಿಕೊಂಡು ಕೂತಿದೆ, ಹೇಗೆ ತೆಗೆಯೋದು ಅಂತ. ಡ್ರಮ್ ಬಿಸಿ ಮಾಡಿ ನೋಡಿದೆ, ಗ್ರೀಸ್ ಹೊಗೆಯಾಡಿತು ಅಷ್ಟೇ. ಉಳಿ ಇಟ್ಟು ಹೊಡೆದರೆ ಜಾರುತ್ತಿತ್ತು.

ಕೆಲಸ ಮಾಡಿದ್ದು ಇಲ್ಲಿ ಸಿಕ್ಕ ವೆಲ್ಡಿಂಗ್ ಸಲಹೆ. ಮಂಡ್ಯದಲ್ಲೇ ಒಂದು ಅಂಗಡಿಯಲ್ಲಿ ರೇಸಿನ ಒಳಮೈ ಸುತ್ತ ಒಂದು ಗೆರೆ ವೆಲ್ಡ್ ಹಾಕಿಸಿದೆ. ತಣ್ಣಗಾಗುತ್ತಾ ರೇಸ್ ಕುಗ್ಗಿತು. ಡ್ರಮ್ ಮಗುಚಿ ಎರಡು ಏಟು ಕೊಟ್ಟೆ, ಟಣ್ ಅಂತ ನೆಲಕ್ಕೆ ಬಿತ್ತು!

ಆಮೇಲೆ ನೋಡಿದರೆ ಡ್ರಮ್‌ನಲ್ಲಿ ರೇಸ್ ಕೂರುವ ಜಾಗದ ಹಿಂದೆ ಎದುರುಬದುರು ಎರಡು ಕಚ್ಚು ಇವೆ. ಹಳೇ ಗ್ರೀಸ್ ತುಂಬಿ ಮುಚ್ಚಿಹೋಗಿದ್ದವು. ಉಳಿ ಇಡಬೇಕಾದ ಜಾಗವೇ ಅದು. ನೀವು ಮೊದಲು ಅದನ್ನು ಒರೆಸಿ ನೋಡಿ.

ಹೊಸ ರೇಸ್ ಸ್ವಲ್ಪ ಕುಗ್ಗಲಿ ಅಂತ ಅದನ್ನು ರಾತ್ರಿಯೆಲ್ಲಾ ಫ್ರೀಜರ್‌ನಲ್ಲಿಟ್ಟಿದ್ದೆ. ಹಳೇ ರೇಸಿನ ಹೊರಮೈ ಉಜ್ಜಿ ಸಣ್ಣ ಮಾಡಿ, ಅದನ್ನೇ ಹೊಸದರ ಮೇಲಿಟ್ಟು ಹೊಡೆದೆ. ಪೂರ್ತಿ ಕೂತಾಗ ಏಟಿನ ಸದ್ದೇ ಬದಲಾಗುತ್ತದೆ. ವೆಲ್ಡಿಂಗ್ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.