ತಿಂಗಳಿಗೆ ಐವತ್ತು ಡಾಲರ್‌ನಲ್ಲಿ ಹಾಲ್ ಆಫ್ ಫೇಮ್ ಆಟಗಾರರ ಹಳೇ ಫುಟ್‌ಬಾಲ್ ಕಾರ್ಡ್: ಅನುಭವ ಇದ್ದವರು ಹೇಳಿ

ಪ್ರಶ್ನೆ (ಅಕ್ರನ್, ಓಹಾಯೋ)

ನಮ್ಮ ಮಗ ಹೈಸ್ಕೂಲಿಗೆ ಬಂದಿದ್ದಾನೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅಂದರೆ ಪ್ರಾಣ. ಕ್ಯಾಂಟನ್‌ನ ಹಾಲ್ ಆಫ್ ಫೇಮ್ (ಅಮೆರಿಕನ್ ಫುಟ್‌ಬಾಲಿನ ದೊಡ್ಡ ಆಟಗಾರರ ಗೌರವ ಭವನ) ನೋಡಿ ಬಂದ ಮೇಲೆ ಅಲ್ಲಿರುವವರ ಚಿತ್ರ ಇರುವ ಹಳೆಯ ಕಾರ್ಡ್ ಬೇಕು ಅಂತ ಹಠ ಹಿಡಿದಿದ್ದಾನೆ. ನಮಗೆ ಅಮೆರಿಕನ್ ಫುಟ್‌ಬಾಲ್ ಅಷ್ಟಕ್ಕಷ್ಟೆ. ತಿಂಗಳಿಗೆ ಐವತ್ತು ಡಾಲರ್ ಮೇಲೆ ಹೋಗುವ ಹಾಗಿಲ್ಲ. ಎಲ್ಲಿಂದ ಶುರು ಮಾಡಬೇಕು? ಗ್ರೇಡ್ ಆಗಿರುವುದೇ (ಕಂಪನಿಯವರು ಪರೀಕ್ಷಿಸಿ ಅಂಕ ಕೊಟ್ಟಿರುವುದೇ) ತಗೋಬೇಕಾ? ನಕಲಿ ಗೊತ್ತಾಗುವುದು ಹೇಗೆ?

ಕ್ಲೀವ್‌ಲ್ಯಾಂಡ್‌ನಿಂದ

ಮೇಡಂ, ನಿಮ್ಮ ಹುಡುಗ ಸರಿಯಾದ ಊರಿನ ಹತ್ತಿರವೇ ಇದ್ದಾನೆ. ಎನ್‌ಎಫ್‌ಎಲ್ ಅನ್ನುವ ಈ ಫುಟ್‌ಬಾಲ್ ಲೀಗ್ ಹುಟ್ಟಿದ್ದು 1920ರಲ್ಲಿ, ಕ್ಯಾಂಟನ್‌ನ ಒಂದು ಕಾರ್ ಶೋರೂಮಿನೊಳಗೆ. 1963ರಲ್ಲಿ ಹಾಲ್ ಆಫ್ ಫೇಮ್ ಅದೇ ಊರಲ್ಲಿ ಬಾಗಿಲು ತೆರೆಯಿತು. ಮೊದಲ ವರ್ಷ ಒಳಗೆ ಹೋದವರು 17 ಜನ. ಈಗ ಮುನ್ನೂರು ದಾಟಿದ್ದಾರೆ. ಅಷ್ಟೂ ಜನರ ಪಟ್ಟಿ ಹಿಡಿದು ಹೊರಟರೆ ಮಗನ ಮದುವೆ ಹೊತ್ತಿಗೂ ಮುಗಿಯುವುದಿಲ್ಲ. ಬ್ರೌನ್ಸ್ ಮಾತ್ರ ಹಿಡಿಯಿರಿ.

ಬ್ರೌನ್ಸ್ ಹಿಡಿದರೆ ಒಂದು ಅನುಕೂಲವೂ ಇದೆ. ತಂಡ 1946ರಲ್ಲಿ ಬೇರೆ ಲೀಗಿನಲ್ಲಿ ಶುರುವಾಯಿತು. ಆ ಲೀಗ್ ಮುಚ್ಚಿಹೋಗಿ 1950ರಲ್ಲಿ ಎನ್‌ಎಫ್‌ಎಲ್ ಸೇರಿತು. ಬೌಮನ್ ಅನ್ನುವ ಬಬಲ್‌ಗಮ್ ಕಂಪನಿ 1948ರಲ್ಲಿ ಫುಟ್‌ಬಾಲ್ ಕಾರ್ಡುಗಳ ಒಂದು ಸೆಟ್ ಹಾಕಿತ್ತು, 1949ರಲ್ಲಿ ಹಾಕಲಿಲ್ಲ, 1950ರಲ್ಲಿ ಮತ್ತೆ 144 ಕಾರ್ಡ್ ತಂದಿತು. ಹಾಗಾಗಿ ಆಟೊ ಗ್ರಹಾಂ, ಮೇರಿಯನ್ ಮೋಟ್ಲಿ, ಲೂ ಗ್ರೋಜಾ, ಡಾಂಟೆ ಲವೆಲ್ಲಿ, ಈ ನಾಲ್ವರ ರೂಕಿ ಕಾರ್ಡೂ (ಅಂದರೆ ಆಟಗಾರನ ಮೊದಲ ಕಾರ್ಡ್) ಆ ಒಂದೇ ಸೆಟ್ಟಿನಲ್ಲಿವೆ. ನಾಲ್ವರೂ ಹಾಲ್ ಆಫ್ ಫೇಮ್‌ನಲ್ಲಿ ಇದ್ದಾರೆ.

ಈ ಕಾರ್ಡ್ ಮೊದಲ ಸಲ ನೋಡಿದವರಿಗೆ ಇಷ್ಟು ಚಿಕ್ಕದಾ ಅನಿಸುತ್ತದೆ. ಅಗಲ ಎರಡು ಇಂಚಿಗಿಂತ ಚೂರು ಜಾಸ್ತಿ, ಎತ್ತರ ಎರಡೂವರೆ. ಸುತ್ತ ಬಿಳಿ ಅಂಚು, ನಡುವೆ ಬಣ್ಣದ ಚಿತ್ರ. ಫೋಟೊ ನೋಡಿ ಬರೆದ ಚಿತ್ರ ಅದು. ಮುಂದೆ ಆಟಗಾರನ ಹೆಸರೇ ಇಲ್ಲ, ತಿರುಗಿಸಿದರೆ ಮಾತ್ರ ಯಾರು ಅಂತ ಗೊತ್ತಾಗುತ್ತದೆ. ಹಾಗಾಗಿ ನೆಟ್‌ನಲ್ಲಿ ಕೊಳ್ಳುವಾಗ ಹಿಂಬದಿ ಫೋಟೊ ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಗ್ರೋಜಾ 6ನೇ ನಂಬರ್, ಮೋಟ್ಲಿ 43, ಗ್ರಹಾಂ 45.

ನನ್ನ ಕೇಳಿದರೆ ಆ ಸೆಟ್ಟಿನ ಮುಖ್ಯ ಕಾರ್ಡ್ ಮೋಟ್ಲಿಯದು. ಬೆಳೆದಿದ್ದು ಕ್ಯಾಂಟನ್‌ನಲ್ಲೇ, ಮೆಕಿನ್ಲಿ ಹೈಸ್ಕೂಲಿನ ಹುಡುಗ. ಕಪ್ಪು ಆಟಗಾರರಿಗೆ ವೃತ್ತಿಪರ ಫುಟ್‌ಬಾಲಿನ ಬಾಗಿಲು ವರ್ಷಗಟ್ಟಲೆ ಮುಚ್ಚಿತ್ತು. 1946ರಲ್ಲಿ ಇವನೂ ಬಿಲ್ ವಿಲ್ಲಿಸ್‌ನೂ ಬ್ರೌನ್ಸ್ ಸೇರಿದರು. ಬೇಸ್‌ಬಾಲಿನಲ್ಲಿ ಜಾಕಿ ರಾಬಿನ್‌ಸನ್ ಮೇಜರ್ ಲೀಗಿಗೆ ಬಂದಿದ್ದು 1947ರಲ್ಲಿ, ಅಂದರೆ ಅದರ ಮಾರನೇ ವರ್ಷ. ರಾಬಿನ್‌ಸನ್ ಹೆಸರು ಪ್ರಪಂಚಕ್ಕೆಲ್ಲ ಗೊತ್ತು, ಮೋಟ್ಲಿ ಹೆಸರು ಓಹಾಯೋದಲ್ಲೇ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. 1968ರಲ್ಲಿ ಹಾಲ್ ಆಫ್ ಫೇಮ್‌ಗೆ ಬಂದ, ತಾನು ಬೆಳೆದ ಊರಿಗೇ. ಅವನಿಗಿಂತ ಮೊದಲು ಒಳಗೆ ಹೋದ ಕಪ್ಪು ಆಟಗಾರ ಎಮ್ಲೆನ್ ಟನೆಲ್ ಒಬ್ಬನೇ.

ಇನ್ನು ಬೆಲೆ. ಈ ಆಟದಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಎಲ್ಲರೂ ಮುಗಿಬೀಳುತ್ತಾರೆ. ಆಮೇಲೆ ಚೆಂಡು ಹಿಡಿದು ಓಡುವವರು. ಎದುರಾಳಿಯನ್ನು ತಡೆದು ನಿಲ್ಲುವ ಲೈನ್‌ಮನ್‌ಗಳನ್ನು ಕೇಳುವವರು ಕಮ್ಮಿ. ಒಂದೇ ಸೆಟ್, ಒಂದೇ ಸ್ಥಿತಿ ಇದ್ದರೂ ಕ್ವಾರ್ಟರ್‌ಬ್ಯಾಕ್ ಗ್ರಹಾಂ ಕಾರ್ಡಿಗೆ ಕೊಡುವ ದುಡ್ಡಿನಲ್ಲಿ ಗ್ರೋಜಾ, ಲವೆಲ್ಲಿ ಇಬ್ಬರನ್ನೂ ತಂದು ಇನ್ನೂ ಚಿಲ್ಲರೆ ಉಳಿಯುತ್ತದೆ. 1955ರ ಬೌಮನ್ ಸೆಟ್ಟಿನಲ್ಲಿ ಫ್ರಾಂಕ್ ಗಾಟ್‌ಸ್ಕಿ ಮತ್ತು ಲೆನ್ ಫೋರ್ಡ್ ರೂಕಿಗಳಿವೆ, ಇಬ್ಬರೂ ನಿಮ್ಮ ಬಜೆಟ್ಟಿನವರೇ. ಫಿಲಡೆಲ್ಫಿಯಾ ಗಮ್ ಕಂಪನಿಯ 1965ರ ಸೆಟ್ಟಿನ ಪಾಲ್ ವಾರ್‌ಫೀಲ್ಡ್, 1967ರ ಸೆಟ್ಟಿನ ಲೆರಾಯ್ ಕೆಲ್ಲಿ ಕೂಡ.

ಜಿಮ್ ಬ್ರೌನ್ ಬೇಕು ಅಂತ ಹುಡುಗ ಕೇಳೇ ಕೇಳುತ್ತಾನೆ. ಒಂಬತ್ತು ಸೀಸನ್ ಆಡಿ ಎಂಟರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ರಶಿಂಗ್ ಯಾರ್ಡ್ (ಚೆಂಡು ಹಿಡಿದು ಓಡಿದ ದೂರ) ಮಾಡಿದವನು, ಕೇಳದೆ ಇರುತ್ತಾನಾ? ಆದರೆ ಟಾಪ್ಸ್ ಅನ್ನುವ ಕಂಪನಿಯ 1958ರ ಸೆಟ್, 62ನೇ ನಂಬರ್, ಅದು ಅವನ ರೂಕಿ. ಮಡಚಿ ಮುದುಡಿದ ಪ್ರತಿಗೂ ನೂರಾರು ಡಾಲರ್. ಅದನ್ನು ಬಿಡಿ. 1959ರ ಟಾಪ್ಸ್ 10ನೇ ನಂಬರ್ ಅವನ ಎರಡನೇ ಕಾರ್ಡ್, ಬೆಲೆ ಎಷ್ಟೋ ಕೆಳಗೆ. ಇನ್ನೂ ಅಗ್ಗ ಬೇಕಾದರೆ 1964, 65ರ ಫಿಲಡೆಲ್ಫಿಯಾ ಕಾರ್ಡ್ ನೋಡಿ. ಬ್ರೌನ್ಸ್ ಚಾಂಪಿಯನ್ ಆದ ವರ್ಷ 1964. ಆ ವರ್ಷದ ಕಾರ್ಡ್ ಇದ್ದರೆ ಮನೆಗೆ ಬಂದ ಗೆಳೆಯರಿಗೆ ತೋರಿಸುವುದಕ್ಕೆ ಒಂದು ಕಥೆಯೂ ಆಗುತ್ತದೆ.

ಎಡಿಸನ್, ನ್ಯೂಜೆರ್ಸಿಯಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಗ್ರೇಡಿಂಗ್ ಬಗ್ಗೆ ನಾನು ಹೇಳುತ್ತೇನೆ.

ಪಿಎಸ್‌ಎ, ಎಸ್‌ಜಿಸಿ, ಬೆಕೆಟ್, ಈ ಮೂರು ಕಂಪನಿಗಳ ಹೆಸರು ಜಾಸ್ತಿ ಕಿವಿಗೆ ಬೀಳುತ್ತವೆ. ಕಾರ್ಡ್ ಪರೀಕ್ಷೆ ಮಾಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡುತ್ತಾರೆ. ಅದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಲೇಬಲ್ ಮೇಲೆ ‘ಗುಡ್’ ಅಂತ ಕಂಡರೆ ಖುಷಿ ಪಡಬೇಡಿ, ಅದು ಹತ್ತಕ್ಕೆ ಎರಡು. ಐವತ್ತು ಡಾಲರ್ ಒಳಗಿನ ಕಾರ್ಡಿಗೆ ಸ್ಲ್ಯಾಬ್ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗ್ರೇಡಿಂಗ್ ಫೀಸ್, ಹೋಗಿ ಬರುವ ಪೋಸ್ಟೇಜ್ ಎಲ್ಲ ಸೇರಿಸಿದರೆ ಗ್ರೋಜಾ ಪಕ್ಕ ಕೂರಿಸಲು ಇನ್ನೊಬ್ಬ ಬರುತ್ತಾನೆ.

ಹಳೇ ಕಾರ್ಡಿನ ದೋಷಗಳಲ್ಲಿ ಎರಡು ಜಾತಿ. ಕೆಲವು ಮುಖಕ್ಕೆ ರಾಚುತ್ತವೆ: ಆಟಗಾರನ ಮೂಗಿನ ಮೇಲೆ ಹಾದುಹೋದ ಮಡಿಕೆ, ಗೋಡೆಗೆ ಚುಚ್ಚಿದ ಪಿನ್ನಿನ ತೂತು, ಟೇಪ್ ಅಂಟು. ಕೆಲವು ಗ್ರೇಡ್ ಮಾಡುವವರ ಕಣ್ಣಿಗೆ ಮಾತ್ರ ದೊಡ್ಡವು: ಹಿಂಬದಿ ಗಮ್ ಕಲೆ, ಯಾವನೋ ಹುಡುಗ ಪೆನ್ಸಿಲಿನಲ್ಲಿ ಹಾಕಿದ ಟಿಕ್, ರಬ್ಬರ್ ಬ್ಯಾಂಡ್ ಅಂಚಿನಲ್ಲಿ ಬಿಟ್ಟ ಸಣ್ಣ ಕಚ್ಚು, ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವ ಸುಕ್ಕು. ಈ ಎರಡನೇ ಜಾತಿಯವೇ ನಿಮಗೆ ಬೇಕಾದ್ದು. ಮುಂಭಾಗ ಫಳಫಳ ಅನ್ನುತ್ತಿದ್ದರೂ ಹಿಂದಿನ ಒಂದು ಗೀಟಿಗೆ ಬೆಲೆ ಅರ್ಧಕ್ಕೆ ಬಿದ್ದಿರುತ್ತದೆ. ಬೈಂಡರಿನಲ್ಲಿ ಇಟ್ಟು ನೋಡುವ ಹುಡುಗನಿಗೆ ಆ ಗೀಟಿನಿಂದ ಏನು ನಷ್ಟ?

ಬೆಲೆ ನೋಡುವಾಗ ಮಾರುವವರು ಕೇಳುತ್ತಿರುವ ರೇಟ್ ನೋಡಬೇಡಿ. ಇಬೇಯಲ್ಲಿ ‘ಸೋಲ್ಡ್’ ಅಂತ ಫಿಲ್ಟರ್ ಹಾಕಿ, ನಿಜವಾಗಿ ಮಾರಾಟವಾದ ರೇಟ್ ನೋಡಿ. ಎರಡಕ್ಕೂ ಅಜಗಜಾಂತರ.

ಡಲ್ಲಾಸ್‌ನಿಂದ

ನಕಲಿ ವಿಷಯ. ಮೂವತ್ತು ಡಾಲರಿನ ಲೈನ್‌ಮನ್ ಕಾರ್ಡನ್ನು ಯಾರೂ ಕಷ್ಟಪಟ್ಟು ನಕಲು ಮಾಡುವುದಿಲ್ಲ. ಕಳ್ಳರ ಕಣ್ಣು ದೊಡ್ಡ ಕಾರ್ಡುಗಳ ಮೇಲೆ. 1935ರ ನ್ಯಾಷನಲ್ ಚಿಕಲ್ ಸೆಟ್ಟಿನ ಬ್ರಾಂಕೊ ನಗುರ್ಸ್ಕಿ ಅಂತ ಒಂದಿದೆ, 34ನೇ ನಂಬರ್. ಸೆಟ್ಟಿನಲ್ಲಿ ಇರುವುದೇ 36 ಕಾರ್ಡ್, ಅದರಲ್ಲೂ ಕೊನೆಯ ಹನ್ನೆರಡು ತುಂಬಾ ಅಪರೂಪ. ಹಳೇ ಫುಟ್‌ಬಾಲ್ ಕಾರ್ಡುಗಳ ರಾಜ ಅಂದರೆ ಅದೇ. ಅದಕ್ಕೆ ರೀಪ್ರಿಂಟ್‌ಗಳು ಬಂದಿವೆ. ‘ಅಜ್ಜನ ಅಟ್ಟದಲ್ಲಿ ಸಿಕ್ಕಿತು, ನನಗೆ ಇದರ ಬಗ್ಗೆ ಗೊತ್ತಿಲ್ಲ’ ಅಂತ ನಗುರ್ಸ್ಕಿಯನ್ನು ಇನ್ನೂರು ಡಾಲರಿಗೆ ಕೊಡುವವರ ಹತ್ತಿರ ನಮಸ್ಕಾರ ಹೇಳಿ ಬನ್ನಿ. 1957ರ ಜಾನಿ ಯುನೈಟಸ್, 1965ರ ಜೋ ನೇಮತ್, 1976ರ ವಾಲ್ಟರ್ ಪೇಟನ್ ಅಂಥವನ್ನು ಮುಂದೆ ಎಂದಾದರೂ ಕೊಂಡರೆ ಸ್ಲ್ಯಾಬ್‌ನಲ್ಲೇ ಕೊಳ್ಳಿ. ಲೇಬಲ್ ನಂಬರನ್ನು ಆ ಕಂಪನಿಯ ಸೈಟಿನಲ್ಲಿ ಹಾಕಿ ತಾಳೆ ನೋಡಿ, ಏಕೆಂದರೆ ಸ್ಲ್ಯಾಬನ್ನೇ ನಕಲು ಮಾಡುವವರೂ ಇದ್ದಾರೆ.

ನಕಲಿಗಿಂತ ಜಾಸ್ತಿ ಕಾಡುವುದು ಟ್ರಿಮ್ ಮಾಡಿದ ಕಾರ್ಡ್. ಸವೆದ ಅಂಚನ್ನು ಬ್ಲೇಡಿನಲ್ಲಿ ಕೂದಲೆಳೆಯಷ್ಟು ಕತ್ತರಿಸಿದರೆ ಮೂಲೆ ನಾಲ್ಕೂ ಚೂಪಾಗುತ್ತವೆ. ಕಂಡುಹಿಡಿಯಲು ನಾನು ಮಾಡುವುದು ಇಷ್ಟೇ: ಪ್ರತಿ ಸೆಟ್ಟಿನಿಂದಲೂ ಯಾರಿಗೂ ಬೇಡದ ಒಂದು ಅಗ್ಗದ ಕಾರ್ಡ್ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ. ಮಾರುವವರ ಒಪ್ಪಿಗೆ ಕೇಳಿ, ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ಮೇಜಿನ ಮೇಲೆ ನಿಲ್ಲಿಸಿ ನೋಡುತ್ತೇನೆ. ಒಂದು ಗಿಡ್ಡವಾಗಿದ್ದರೆ ಎದ್ದು ಕಾಣುತ್ತದೆ. ಕಾರ್ಖಾನೆಯಲ್ಲೇ ಸ್ವಲ್ಪ ಹೆಚ್ಚುಕಮ್ಮಿ ಆಗಿರುವುದೂ ಉಂಟು, ಹಾಗಾಗಿ ಲೂಪ್ (ಚಿಕ್ಕ ಭೂತಗನ್ನಡಿ) ಹಿಡಿದು ಅಂಚನ್ನೂ ನೋಡಬೇಕು. ಅರವತ್ತು ವರ್ಷದ ಅಂಚಿನಲ್ಲಿ ನಾಲ್ಕೂ ಕಡೆ ಒಂದೇ ಬಣ್ಣದ ಕೊಳೆ ಕೂತಿರುತ್ತದೆ. ಒಂದು ಬದಿ ಮಾತ್ರ ಬೆಳ್ಳಗೆ, ಹೊಸದಾಗಿ ಇದ್ದರೆ ವಾಪಸ್ ಕೊಟ್ಟುಬಿಡಿ.

ಬ್ಲ್ಯಾಕ್‌ಲೈಟ್ (ಅತಿನೇರಳೆ ಬೆಳಕಿನ) ಟಾರ್ಚ್ ಕೂಡ ಉಪಯೋಗಕ್ಕೆ ಬರುತ್ತದೆ. ಈಗಿನ ಕಾಗದಕ್ಕೆ ಬಿಳುಪು ಬರಿಸುವ ರಾಸಾಯನಿಕ ಹಾಕುತ್ತಾರೆ, ಕತ್ತಲಲ್ಲಿ ಆ ಬೆಳಕು ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. 1930ರ ದಶಕದ ಕಾಗದ ಹಾಗೆ ಹೊಳೆಯಬಾರದು.

ಮಂಗಳೂರಿನಿಂದ

ನಾನು ಬಹಳ ಕಾಲ ಪಿಟ್ಸ್‌ಬರ್ಗ್‌ನಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ನನ್ನದು ಅಲ್ಲಿನ ಸ್ಟೀಲರ್ಸ್ ತಂಡ, ಬ್ರೌನ್ಸ್‌ನವರು ಕ್ಷಮಿಸಿ. ಐವತ್ತು ಡಾಲರಿಗೆ 1950ರ ದಶಕ ಯಾಕೆ? ಎಪ್ಪತ್ತರ ದಶಕದ ಟಾಪ್ಸ್ ನೋಡಿ, ಕೈತುಂಬ ಬರುತ್ತವೆ. ನನಗೆ ತುಂಬ ಖುಷಿ ಕೊಟ್ಟ ಹುಡುಕಾಟ ಒಂದಿದೆ. 1974ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸುತ್ತು) ಸ್ಟೀಲರ್ಸ್ ಆರಿಸಿದವರಲ್ಲಿ ನಾಲ್ವರು ಹಾಲ್ ಆಫ್ ಫೇಮ್ ಸೇರಿದರು. ಒಂದೇ ವರ್ಷ ತಂಡಕ್ಕೆ ಬಂದರೂ ಅವರ ರೂಕಿ ಕಾರ್ಡ್ ನಾಲ್ಕು ಬೇರೆ ಬೇರೆ ವರ್ಷದವು: ಲಿನ್ ಸ್ವಾನ್ 1975, ಜಾಕ್ ಲ್ಯಾಂಬರ್ಟ್ 1976, ಮೈಕ್ ವೆಬ್‌ಸ್ಟರ್ 1977, ಜಾನ್ ಸ್ಟಾಲ್‌ವರ್ತ್ 1978. ವೆಬ್‌ಸ್ಟರ್ ಸೆಂಟರ್ ಆಡುತ್ತಿದ್ದವನು, ಅಂದರೆ ಲೈನ್‌ಮನ್, ಹಾಗಾಗಿ ಸ್ವಾನ್, ಲ್ಯಾಂಬರ್ಟ್‌ಗಿಂತ ಅಗ್ಗ. ನಾಲ್ಕನ್ನೂ ಸಾಲಾಗಿ ಇಟ್ಟರೆ ಟಾಪ್ಸ್ ವರ್ಷವರ್ಷ ಡಿಸೈನ್ ಬದಲಿಸಿದ್ದೂ ಕಾಣುತ್ತದೆ.

ಇಟ್ಟುಕೊಳ್ಳುವುದರ ಬಗ್ಗೆ ಎರಡು ಮಾತು. ನಮ್ಮ ಕರಾವಳಿ ಮಳೆಗಾಲ ಕಾಗದಕ್ಕೆ ಶತ್ರು. ಗಾಳಿ ಆಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಜೂನ್‌ಗೆ ಮುಂಚೆ ಹೊಸದು ಹಾಕುತ್ತೇನೆ. ಗೋಡೆಗೆ ತಾಗಿದ ಬೀರುವಿನಲ್ಲಿ ಇಡುವುದಿಲ್ಲ. ಓಹಾಯೋದಲ್ಲಾದರೆ ಬೇಸ್‌ಮೆಂಟ್ ಒಂದನ್ನು ಬಿಟ್ಟು ಎಲ್ಲಿ ಬೇಕಾದರೂ ಇಡಿ. ಮೊದಲು ಪೆನ್ನಿ ಸ್ಲೀವ್ ಅನ್ನುವ ಮೆತ್ತನೆ ಪ್ಲಾಸ್ಟಿಕ್ ಚೀಲ, ಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವಚ. ಪಿವಿಸಿ ಹಾಳೆಯ ಅಗ್ಗದ ಆಲ್ಬಂ ಬೇಡ, ಬಿಸಿಗೆ ಅಂಟಿಕೊಂಡು ಬಣ್ಣ ಎಳೆಯುತ್ತದೆ. 1950ರ ಬೌಮನ್ ಚಿಕ್ಕದಿರುವುದರಿಂದ ಈಗಿನ ಅಳತೆಯ ಹೋಲ್ಡರಿನೊಳಗೆ ಲೊಡಲೊಡ ಅಂತ ಓಡಾಡಿ ಮೂಲೆ ಸವೆಯುತ್ತದೆ. ಅದರ ಅಳತೆಯ ಸ್ಲೀವ್ ಬೇರೆ ಸಿಗುತ್ತದೆ. 1965ರ ಟಾಪ್ಸ್ ಇನ್ನೊಂದು ತಲೆನೋವು. ಉದ್ದ ಸುಮಾರು ನಾಲ್ಕೂ ಮುಕ್ಕಾಲು ಇಂಚು, ಯಾವ ಮಾಮೂಲಿ ಪುಟಕ್ಕೂ ಹೋಗುವುದಿಲ್ಲ.

ಬೇ ಏರಿಯಾದಿಂದ

‘ಇವನು ಮುಂದೆ ಹಾಲ್ ಆಫ್ ಫೇಮ್‌ಗೆ ಹೋಗುತ್ತಾನೆ, ಈಗಲೇ ತಗೊಳ್ಳಿ’ ಅಂತ ಹೇಳುವವರು ಸಿಗುತ್ತಾರೆ. ಜೆರ್ರಿ ಕ್ರೇಮರ್ ಕಾರ್ಡ್ ಬಂದಿದ್ದು 1959ರಲ್ಲಿ, ಒಳಗೆ ಹೋಗಿದ್ದು 2018ರಲ್ಲಿ. ಅದೇ 1959ರ ಸೆಟ್ಟಿನ ಅಲೆಕ್ಸ್ ಕರಾಸ್‌ಗೆ 2020ರಲ್ಲಿ ಗೌರವ ಸಿಕ್ಕಾಗ ಅವನೇ ಇರಲಿಲ್ಲ. ಅಷ್ಟು ಕಾಯುವ ತಾಳ್ಮೆ ಯಾರಿಗಿದೆ? ಸುಮ್ನೆ ಇಷ್ಟವಾದದ್ದು ಕೊಳ್ಳಿ, ಹೂಡಿಕೆ ಅಂತ ಮಗನ ತಲೆಗೆ ತುಂಬಬೇಡಿ.

ಮತ್ತೆ ಅಕ್ರನ್‌ನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನಿಗೆ ಓದಿ ಹೇಳಿದೆ. ಮೋಟ್ಲಿ ಬೇಕು ಅಂತ ಕೂತಿದ್ದಾನೆ. ಒಂದು ಸಿಕ್ಕಿದೆ. ಮುಂದೆ ಚೆನ್ನಾಗಿದೆ, ಒಂದು ಮೂಲೆ ಸವೆದಿದೆ, ಹಿಂದೆ ಪೆನ್ಸಿಲಿನಲ್ಲಿ ಏನೋ ನಂಬರ್ ಬರೆದಿದ್ದಾರೆ. ಬೆಲೆ ನಮ್ಮ ಮಿತಿಗಿಂತ ಜಾಸ್ತಿ ಇದೆ. ಪೆನ್ಸಿಲ್ ಗುರುತು ಉಜ್ಜಿ ತೆಗೆಯಬಹುದಾ?

ಕ್ಲೀವ್‌ಲ್ಯಾಂಡ್‌ನಿಂದ

ಉಜ್ಜಬೇಡಿ ಮೇಡಂ. ರಬ್ಬರ್ ತಾಗಿದರೆ ಕಾಗದದ ಮೇಲ್ಪದರ ಏಳುತ್ತದೆ, ಆಗ ಅದು ಗೀಟಿಗಿಂತ ದೊಡ್ಡ ದೋಷ. ಎರಡು ತಿಂಗಳ ದುಡ್ಡು ಕೂಡಿಟ್ಟು ಅದನ್ನೇ ತಗೊಳ್ಳಿ, ಆದರೆ ಹೇಳಿದ ರೇಟಿಗೆ ಬೇಡ. ಇತ್ತೀಚೆಗೆ ಇದೇ ಸ್ಥಿತಿಯಲ್ಲಿ ಮಾರಾಟವಾದ ಮೂರು ಮೋಟ್ಲಿ ನೋಡಿ, ನಡುವಿನ ರೇಟ್ ಹಿಡಿಯಿರಿ. ಪೆನ್ಸಿಲ್ ಗುರುತಿದೆ ಅಂತ ಹೇಳಿ ಅದಕ್ಕಿಂತ ಚೂರು ಕೆಳಗೆ ಕೇಳಿ. ಒಪ್ಪದಿದ್ದರೆ ಬಿಡಿ, ಮೋಟ್ಲಿ ಇನ್ನೊಂದು ಬಂದೇ ಬರುತ್ತದೆ. ದುಡ್ಡು ಕೊಡುವ ಮುಂಚೆ ನಾಲ್ಕೂ ಅಂಚಿನ ಹತ್ತಿರದ ಫೋಟೊ ಕೇಳಿ ಇಲ್ಲಿ ಹಾಕಿ, ಡಲ್ಲಾಸ್‌ನವರು ನೋಡಿ ಹೇಳಲಿ.