ಚಿಕ್ಕಮಗಳೂರಲ್ಲಿ ಕೆಲಸ, ಸಖರಾಯಪಟ್ಟಣದಲ್ಲಿ ಮನೆ: ಆಗುತ್ತದಾ?

ಕಲ್ಪತರು_ನಾಡಿನವ:

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿ ಸರ್ಕಾರಿ ಹೈಸ್ಕೂಲಲ್ಲಿ ಟೀಚರ್. ತುಮಕೂರಿನಿಂದ ಚಿಕ್ಕಮಗಳೂರಿಗೆ ವರ್ಗ ಆಗಿದೆ, ಶಾಲೆ ಶುರುವಾಗುವ ಹೊತ್ತಿಗೆ ಮನೆ ಮಾಡಬೇಕು. ನಾನು ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಮಗಳು ಈ ವರ್ಷ ಮೂರನೇ ಕ್ಲಾಸು. ಜೊತೆಗೆ ಅಪ್ಪ ಇದ್ದಾರೆ, 74 ವರ್ಷ, ಶುಗರ್ ಇದೆ, ಬಾಕಿ ಗಟ್ಟಿ.

ಎರಡು ಭಾನುವಾರ ಚಿಕ್ಕಮಗಳೂರಲ್ಲಿ ಮನೆ ಹುಡುಕಿದೆವು. ಸ್ವಲ್ಪ ಚೆನ್ನಾಗಿದೆ ಅನ್ನುವ ಮನೆಗಳೆಲ್ಲ ಹೋಂಸ್ಟೇ ಆಗಿವೆ. ಉಳಿದವುಗಳಲ್ಲಿ ಒಂದಕ್ಕೆ ಹದಿನೈದು ಸಾವಿರ ಬಾಡಿಗೆ ಕೇಳಿದರು, ಅದೂ ಎರಡನೇ ಮಹಡಿ, ಮೆಟ್ಟಿಲು ಕಡಿದಾಗಿದೆ, ಅಪ್ಪ ಅರ್ಧಕ್ಕೇ ನಿಂತರು. ಬೇಜಾರಲ್ಲಿ ವಾಪಸ್ ಬರುವಾಗ ಸಖರಾಯಪಟ್ಟಣದಲ್ಲಿ ಟೀಗೆ ನಿಲ್ಲಿಸಿದೆವು. ಟೀ ಅಂಗಡಿಯವರು, ಇಷ್ಟು ದೂರ ಬಂದಿದ್ದೀರಿ, ಅಯ್ಯನಕೆರೆ ನೋಡಿಕೊಂಡು ಹೋಗಿ ಅಂದರು. ಹೋದೆವು. ಈ ಬಿಸಿಲಲ್ಲೂ ಅಷ್ಟು ನೀರು, ಎದುರಿಗೆ ಶಕುನಗಿರಿ. ಅಪ್ಪ ಅರ್ಧ ಗಂಟೆ ಏರಿ ಮೇಲೆ ಕೂತು ಒಂದು ಮಾತೂ ಆಡಲಿಲ್ಲ. ಅವರು ಸುಮ್ಮನಿರುವುದೇ ಅಪರೂಪ. ಕಾರು ಹತ್ತುವಾಗ, "ಇಲ್ಲೇ ಒಂದು ಮನೆ ನೋಡಬಾರದೇನೋ" ಅಂದರು.

ಈಗ ಅದೇ ತಲೆಯಲ್ಲಿ ಕೂತಿದೆ. ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 20 ಕಿಲೋಮೀಟರ್. ಹೆಂಡತಿಗೆ ದಿನಾ ಓಡಾಡುವುದು ಆಗುತ್ತದಾ? ಬಸ್ಸು, ನೆಟ್, ಕುಡಿಯುವ ನೀರು ಹೇಗೆ? ಹೊರಗಿನವರಿಗೆ ಮನೆ ಕೊಡುತ್ತಾರಾ? ಅಲ್ಲಿ ಇದ್ದವರು, ಇರುವವರು ದಯವಿಟ್ಟು ಹೇಳಿ. ಕೆರೆ ಫೋಟೋ ಹಾಕಿ "ಸ್ವರ್ಗ ಸರ್" ಅನ್ನುವವರು ಬೇಡ, ಅಂಥದ್ದು ಬೇಕಾದಷ್ಟು ನೋಡಿದ್ದೇನೆ.

ಏಳೂಮುಕ್ಕಾಲರ_ಬಸ್ಸು:

ಆರು ವರ್ಷದಿಂದ ಸಕ್ರೇಪಟ್ನದಿಂದ ಚಿಕ್ಕಮಗಳೂರಿಗೆ ದಿನಾ ಹೋಗಿ ಬರುತ್ತಿದ್ದೇನೆ. (ನಾವು ಸಕ್ರೇಪಟ್ನ ಅಂತಲೇ ಅನ್ನುವುದು. ಬೋರ್ಡಲ್ಲಿ ಮಾತ್ರ ಸಖರಾಯಪಟ್ಟಣ.) ಓಡಾಟ ಕಷ್ಟವೇ ಅಲ್ಲ ಸರ್. ಕಡೂರು ರೋಡು ಹೈವೇ, ಬಸ್ಸು ಬರುತ್ತಲೇ ಇರುತ್ತವೆ. ಬೆಳಿಗ್ಗೆ ಕಡೂರು ಕಡೆಯಿಂದಲೇ ತುಂಬಿ ಬರುತ್ತವೆ, ಹಾಗಾಗಿ ಹೋಗುವಾಗ ಸೀಟಿನ ಆಸೆ ಬಿಡಿ. ಬರುವಾಗ ಸ್ಟ್ಯಾಂಡಲ್ಲೇ ಹತ್ತಿದರೆ ಸೀಟು ಸಿಗುತ್ತದೆ.

ಒಂದು ವಿಷಯ ಮೇಡಂಗೆ ಹೇಳಿ. ಶಕ್ತಿ ಯೋಜನೆ 2023ರ ಜೂನಲ್ಲಿ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಆಧಾರ್ ತೋರಿಸಿದರೆ ಹೆಂಗಸರಿಗೆ ದುಡ್ಡಿಲ್ಲ. ಪ್ರೈವೇಟ್ ಬಸ್ಸಲ್ಲಿ ದುಡ್ಡು ಕೊಡಲೇಬೇಕು. ಪ್ರೈವೇಟ್ ಮೊದಲು ಬಂದು ನಿಂತಿರುತ್ತದೆ, ಹತ್ತಬೇಕಾ, ಹಿಂದೆ ಬರುವ ಸರ್ಕಾರಿ ಬಸ್ಸಿಗೆ ಕಾಯಬೇಕಾ, ಇದೇ ನಮ್ಮ ಸ್ಟಾಪಿನಲ್ಲಿ ದಿನಾ ಬೆಳಗಿನ ಚರ್ಚೆ. ಕಾದು ಲೇಟಾದವರನ್ನೂ ನೋಡಿದ್ದೇನೆ.

ರೈಲೂ ಇದೆ. ಕಡೂರು–ಚಿಕ್ಕಮಗಳೂರು ಲೈನ್ 2013ರಲ್ಲಿ ಶುರುವಾಯಿತು, ನಮ್ಮೂರಲ್ಲೂ ಸ್ಟೇಷನ್ ಇದೆ. ಆದರೆ ಗಾಡಿಗಳು ಕಡಿಮೆ, ಶಾಲೆ ಟೈಮಿಗೆ ಅದನ್ನು ನಂಬಬೇಡಿ. ನಿಮಗೆ ನಿಜವಾದ ಲಾಭ ಬೇರೆ ಇದೆ, ಕಡೂರಿಗೆ ಹೋದರೆ ಬೆಂಗಳೂರು–ಹುಬ್ಬಳ್ಳಿ ಲೈನ್ ಸಿಗುತ್ತದೆ, ಅರಸೀಕೆರೆ ತಿಪಟೂರು ಮೇಲೆ ಸೀದಾ ತುಮಕೂರು. ಹಬ್ಬಕ್ಕೆ ಊರಿಗೆ ಹೋಗಲು ಚಿಕ್ಕಮಗಳೂರಿಗಿಂತ ಇಲ್ಲಿಂದಲೇ ಹತ್ತಿರ.

ನೆಟ್: ಪೇಟೆ ಒಳಗಾದರೆ ಫೈಬರ್ ಸಿಗುತ್ತದೆ. ಗಾಳಿ ಮಳೆ ಬಂದರೆ ಕರೆಂಟ್ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ನಿಮ್ಮ ಕೆಲಸದಲ್ಲಿ ರಿಟರ್ನ್ ಹಾಕುವ 11 ಮತ್ತು 20ನೇ ತಾರೀಖು ತಪ್ಪಿಸುವ ಹಾಗಿಲ್ಲ ಅಲ್ವಾ? ಇನ್ವರ್ಟರ್ ಹಾಕಿಸಿ, ಇನ್ನೊಂದು ಕಂಪನಿಯ ಸಿಮ್ ಇಟ್ಟುಕೊಳ್ಳಿ. ಕೆರೆ ಕಡೆಯ ಹಳ್ಳಿಗಳಲ್ಲಿ ಮನೆ ಮಾಡಬೇಡಿ. ಬೆಟ್ಟದ ಮರೆಗೆ ಸಿಗ್ನಲ್ ಕೈಕೊಡುತ್ತದೆ.

ಹೋಗಿ_ಬಂದವಳು:

ನಾವು ಹದಿನಾಲ್ಕು ತಿಂಗಳು ಇದ್ದು ಬಿಟ್ಟು ಬಂದೆವು. ಊರಿನ ಮೇಲೆ ಕೋಪ ಇಲ್ಲ, ಈಗಲೂ ಅಲ್ಲಿಂದ ನನಗೆ ತೆಂಗಿನಕಾಯಿ ಬರುತ್ತದೆ. ಆದರೆ ಮೇಲಿನವರು ಹೇಳದ ನಾಲ್ಕು ಮಾತು ಹೇಳುತ್ತೇನೆ.

ಅಣ್ಣಾ, ನೀವು ಓಡಾಡುವವರ ಬಗ್ಗೆ ಕೇಳಿದ್ದೀರಿ. ಅವರ ಚಿಂತೆ ಬಿಡಿ. ಬೆಳಿಗ್ಗೆ ಎಂಟಕ್ಕೆ ಹೋದವರು ಶಾಲೆ, ಸಹೋದ್ಯೋಗಿಗಳು, ಬಸ್ಸಿನ ಗೆಳತಿಯರು ಅಂತ ಮೂರು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಹಾಗೇ ಆಯಿತು, ಗಂಡ ಓಡಾಡಿಕೊಂಡು ಆರಾಮಾಗಿದ್ದರು. ಮನೆಯಲ್ಲಿ ಉಳಿದವಳು ನಾನು, ಜೊತೆಗೆ ಅತ್ತೆ. ಹನ್ನೊಂದು ಗಂಟೆಗೆ ಬೀದಿ ಖಾಲಿ. ಎಲ್ಲರೂ ತೋಟಕ್ಕೆ. ಮಾತಾಡೋಣ ಅಂದರೆ ಮೊದಲ ಪ್ರಶ್ನೆ "ನೀವು ಯಾವ ಜನ?" ಮನೆ ಬಾಡಿಗೆಗೆ ಕೇಳಲು ಹೋದಾಗಲೂ ಅದೇ, ಕೆಲವರು ಸುತ್ತಿ ಬಳಸಿ ಕೇಳುತ್ತಾರೆ, ಕೆಲವರು ನೇರವಾಗಿ. ಎರಡು ಮನೆ ನಮಗೆ ಅದಕ್ಕೇ ಸಿಗಲಿಲ್ಲ. ಮೂರನೆಯವರು ಒಂದು ಮಾತೂ ಕೇಳದೆ ಬೀಗದ ಕೈ ಕೊಟ್ಟರು, ಅವರ ಮನೆಯಿಂದಲೇ ಈ ತೆಂಗಿನಕಾಯಿ.

ನೀರು. ಬೋರ್‌ವೆಲ್ ನೀರು ಗಡಸು. ಬೇಳೆಗೆ ಆರು ವಿಷಲ್ ಆದರೂ ಕಾಳು ಕಾಳಾಗೇ ಇರುತ್ತಿತ್ತು, ನಾನು ಮೊದಲ ವಾರ ಕುಕ್ಕರ್ ಹಾಳಾಗಿದೆ ಅಂತ ಗ್ಯಾಸ್ಕೆಟ್ ಬದಲಾಯಿಸಿದೆ. ಆಮೇಲೆ ಪಕ್ಕದ ಮನೆ ಅಜ್ಜಿ ನಕ್ಕು, ಬೇಳೆಗೂ ಕುಡಿಯೋ ನೀರೇ ಹಾಕವ್ವ ಅಂದರು. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಬೇಕು. ಗಾಡಿ ಇಲ್ಲದಿದ್ದರೆ ಅದೇ ಒಂದು ಕೆಲಸ.

ಬಿಟ್ಟು ಬಂದಿದ್ದು ಯಾಕೆ ಅಂದರೆ, ಒಂದು ರಾತ್ರಿ ಅತ್ತೆಗೆ ಎದೆನೋವು ಬಂತು. 108 ಬೇಗ ಬಂತು, ಸುಳ್ಳು ಹೇಳಬಾರದು. ಚಿಕ್ಕಮಗಳೂರು ಮುಟ್ಟಿದ್ದೂ ಬೇಗ. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಹೃದಯದ ಡಾಕ್ಟರ್ ಇವತ್ತಿಲ್ಲ, ಹಾಸನಕ್ಕೆ ಕರೆದುಕೊಂಡು ಹೋಗಿ ಅಂದರು. ಆ ದಾರಿ ನಾನು ಮರೆಯುವುದಿಲ್ಲ. ಅತ್ತೆ ಈಗ ಚೆನ್ನಾಗಿದ್ದಾರೆ. ಆದರೆ ಆಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಿಜ ಹೇಳಬೇಕೆಂದರೆ ಈ ತೊಂದರೆ ಚಿಕ್ಕಮಗಳೂರಲ್ಲೇ ಇದ್ದರೂ ಬರುತ್ತಿತ್ತು. ಅರ್ಧ ಗಂಟೆ ಉಳಿಯುತ್ತಿತ್ತು, ಅಷ್ಟೇ. ಅಪ್ಪನಿಗೆ ಶುಗರ್ ಅಂದಿದ್ದೀರಿ, ಅದಕ್ಕೆ ಬರೆದೆ.

ತೂಬಿನ_ಕೆಳಗಿನ_ಗದ್ದೆ:

ತಂಗಿ ಹೇಳಿದ್ದು ಸರಿ. ಯಾವ ಜನ ಅಂತ ಕೇಳುವುದು ನಮ್ಮೂರಿನ ಕೆಟ್ಟ ಚಾಳಿ, ಇಲ್ಲ ಅಂದರೆ ಸುಳ್ಳಾಗುತ್ತದೆ.

ನಾನು ಕೆರೆ ಅಚ್ಚುಕಟ್ಟಿನ ರೈತ. ಕೆರೆ ಬಗ್ಗೆ ಇಲ್ಲಿ ಯಾರೂ ಸರಿಯಾಗಿ ಹೇಳಿಲ್ಲ. ಮೊದಲನೆಯದು, ಕೆರೆ ಪೇಟೆಗೆ ಅಂಟಿಕೊಂಡಿಲ್ಲ, ಗಾಡಿ ಬೇಕು. ದಿನಾ ಸಂಜೆ ಅಪ್ಪನನ್ನು ಏರಿ ಮೇಲೆ ವಾಕಿಂಗ್ ಬಿಡುತ್ತೇನೆ ಅಂದುಕೊಂಡಿದ್ದರೆ ವಾರಕ್ಕೊಮ್ಮೆ ಆಗುತ್ತದೆ, ಆಮೇಲೆ ನೆಂಟರು ಬಂದಾಗ ಮಾತ್ರ. ನಾನೇ ಗದ್ದೆಗೆ ಹೋಗುವಾಗ ಏರಿ ದಾಟುತ್ತೇನೆ ಹೊರತು ನಿಂತು ನೋಡುವುದು ಕಡಿಮೆ.

ಎರಡನೆಯದು, ಮಳೆ. ನಾವಿರುವುದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಕಡೆ. ಬಾಬಾಬುಡನ್ ಬೆಟ್ಟದಲ್ಲಿ ಮಳೆ ಹಿಡಿದರೆ ವೇದಾ ಹಳ್ಳದಲ್ಲಿ ನೀರು ಬಂದು ಕೆರೆ ತುಂಬುತ್ತದೆ, ಅದೇ ದಿನ ನಮ್ಮ ರಾಗಿ ಹೊಲ ಒಣಗುತ್ತಿರುತ್ತದೆ. ಕೋಡಿ ಬಿದ್ದ ನೀರು ಕಡೂರು ಹತ್ತಿರ ಆವತಿ ಹೊಳೆ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. 1933ರ ನಂತರ ಆ ಡ್ಯಾಮ್ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅದರಲ್ಲಿ ನಮ್ಮ ಕೆರೆ ನೀರೂ ಇತ್ತು ಅಂತ ಇಲ್ಲಿ ಟೀ ಅಂಗಡಿಯಲ್ಲಿ ಎಲ್ಲರೂ ಎದೆ ಉಬ್ಬಿಸಿದರು.

ಕೋಡಿ ಬಿದ್ದ ವಾರ ನೀವು ಬೇರೆಯೇ ಊರು ನೋಡುತ್ತೀರಿ. ಕಾರು ಸಾಲುಗಟ್ಟಿ ನಿಂತು ನನ್ನ ಎತ್ತಿನ ಗಾಡಿಗೂ ದಾರಿ ಇರುವುದಿಲ್ಲ. ಮಸಾಲೆ ಮಂಡಕ್ಕಿ ಮಾರುವವನಿಗೆ ಜಾತ್ರೆ. ಪಾಚಿ ಮೇಲೆ ನಿಂತು ಫೋಟೋ ತೆಗೆಯಲು ಹೋಗಿ ಜಾರುತ್ತಾರೆ. ಸೋಮವಾರ ನನ್ನ ಕಾಲುವೆಯಲ್ಲಿ ಬಿಯರ್ ಬಾಟಲಿ, ಒಡೆದದ್ದು. ಕಳೆದ ಸಲ ಆಳಿನ ಕಾಲಿಗೆ ನಾಲ್ಕು ಹೊಲಿಗೆ ಬಿತ್ತು.

ಈ ಕೆರೆ ಹೊಯ್ಸಳರ ಕಾಲದಲ್ಲಿ, 1156ರಲ್ಲಿ ದುರಸ್ತಿಯಾಗಿದೆ ಅನ್ನುತ್ತಾರೆ, ಅಂದರೆ ಕಟ್ಟಿದ್ದು ಅದಕ್ಕೂ ಹಿಂದೆ. ನಮ್ಮಜ್ಜ ಒಂದು ಕಥೆ ಹೇಳುತ್ತಿದ್ದರು. ಏರಿ ಒಡೆಯುವುದರಲ್ಲಿತ್ತಂತೆ, ಕೆರೆಯ ದೇವಿ ನೀರುಗಂಟಿಗೆ (ತೂಬು ಎತ್ತಿ ನೀರು ಬಿಡುವವನಿಗೆ) ಕಾಣಿಸಿಕೊಂಡಳಂತೆ. ನಾನು ರಾಜನಿಗೆ ಹೇಳಿ ವಾಪಸ್ ಬರುವತನಕ ತಡೆದಿರು ತಾಯಿ ಅಂತ ಅವನು ಮಾತು ತೆಗೆದುಕೊಂಡ. ರಾಜ ಅವನನ್ನು ವಾಪಸ್ ಹೋಗಲು ಬಿಡಲೇ ಇಲ್ಲ, ಅಲ್ಲೇ ತಲೆ ತೆಗೆಸಿದ. ಚಿಕ್ಕವನಿದ್ದಾಗ ನನಗೆ ಕೆರೆಗಿಂತ ಆ ನೀರುಗಂಟಿಯ ಹೆಂಡತಿ ಮಕ್ಕಳದ್ದೇ ಯೋಚನೆ. ಈಗಲೂ ತೂಬು ಎತ್ತುವ ದಿನ ಜಗಳ ಆದರೆ ನೆನಪಾಗುತ್ತದೆ. ಮೊದಲು ಭತ್ತ, ಈಗ ಎಲ್ಲ ಕಡೆ ಅಡಿಕೆ, ಕಾಲುವೆ ಕೊನೆಯವನಿಗೆ ನೀರು ಮುಟ್ಟುವಷ್ಟರಲ್ಲಿ ಬೈಗುಳ ಮುಟ್ಟಿರುತ್ತದೆ.

ಮನೆ ಬೇಕಾದರೆ ಹೈವೇ ಬದಿಯಲ್ಲಿ ಬೇಡ, ಲಾರಿ ಸದ್ದು. ಒಳ ಬೀದಿಯಲ್ಲಿ ನೋಡಿ. ಭಾನುವಾರ ಸಂಜೆ ನೋಡಿ ತೀರ್ಮಾನ ಮಾಡಬೇಡಿ, ವಾರದ ಮಧ್ಯೆ ಒಂದು ಮಧ್ಯಾಹ್ನ ಬನ್ನಿ.

ಕಲ್ಪತರು_ನಾಡಿನವ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನೀವು ಹೇಳಿದ ಮೇಲೆ ಗೊತ್ತಾಯಿತು, ಇಡೀ ಲೆಕ್ಕ ನಾನು ಹೆಂಡತಿಯ ಬಸ್ಸಿನ ಮೇಲೆ ಹಾಕಿದ್ದೆ. ಮನೆಯಲ್ಲಿ ಇರುವವನು ನಾನು. ಅವಳಿಗೆ ಓದಿ ಹೇಳಿದೆ, "ನಾನು ಇದನ್ನೇ ತಾನೇ ಕೇಳಿದ್ದು, ನೀವು ಹಗಲೆಲ್ಲ ಏನು ಮಾಡುತ್ತೀರಿ ಅಂತ" ಅಂದಳು. ಕೇಳಿದ್ದಳಂತೆ. ನನಗೆ ನೆನಪಿಲ್ಲ.

ಅಪ್ಪನಿಗೆ ಮಾತ್ರ ನೀರುಗಂಟಿ ಕಥೆ ಓದಿ ಹೇಳಿದೆ, ಆಸ್ಪತ್ರೆಯದ್ದು ಹೇಳಲಿಲ್ಲ. ಚಿಕ್ಕಮಗಳೂರಲ್ಲಿ ಕೆಳಮನೆ ಸಿಕ್ಕರೆ ಅಲ್ಲೇ ಅಂತ ಹೆಂಡತಿ, ಇಲ್ಲೇ ಅಂತ ಅಪ್ಪ. ಬುಧವಾರ ಬರುತ್ತೇವೆ, ಇಡೀ ಮಧ್ಯಾಹ್ನ ಸುಮ್ನೆ ಪೇಟೆಯಲ್ಲಿ ಇದ್ದು ನೋಡುತ್ತೇವೆ. ಲ್ಯಾಪ್‌ಟಾಪ್ ತರುತ್ತೇನೆ, ನೆಟ್ ಪರೀಕ್ಷೆ ಆಗಲಿ.

ತೂಬಿನ_ಕೆಳಗಿನ_ಗದ್ದೆ:

ಬನ್ನಿ. ಬೇಳೆಗೆ ಒಂದು ಕ್ಯಾನ್ ನೀರು ತೆಗೆದಿಟ್ಟಿರುತ್ತೇವೆ, ಊಟ ನಮ್ಮ ಮನೆಯಲ್ಲೇ. ಕೆರೆಗೆ ಹೋಗುವುದಾದರೆ ಅಪ್ಪನಿಗೆ ಟೋಪಿ ತನ್ನಿ, ಈ ತಿಂಗಳು ಏರಿ ಮೇಲೆ ಬಿಸಿಲು ತಡೆಯುವುದಿಲ್ಲ.